ನನ್ನ ಕ್ಯಾರೆಕ್ಟರ್ ಮಾಡೆಲಿಂಗ್ ಪೋರ್ಟ್‌ಫೋಲಿಯೊ: ನಾಲ್ಕು ಸ್ಟುಡಿಯೊಗೆ ಕಳಿಸಿದೆ, ಒಂದೂ ಗಿಟ್ಟಲಿಲ್ಲ. ತಪ್ಪು ಎಲ್ಲಿದೆ ಹೇಳಿ

ಗಂಗೊಳ್ಳಿ_ಹುಡುಗ · ಶುಕ್ರವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಾನು ಓದಿದ್ದು ಬಿ.ಕಾಂ. ಕಂಪ್ಯೂಟರಿನಲ್ಲಿ 3ಡಿ ಆಕೃತಿ ಮಾಡುವ ಬ್ಲೆಂಡರ್ ತಂತ್ರಾಂಶ ಹಿಡಿದು ಮೂರು ವರ್ಷವಾಯಿತು. ಕೋರ್ಸ್ ಯಾವುದೂ ಮಾಡಿಲ್ಲ, ಯೂಟ್ಯೂಬೇ ಮೇಷ್ಟ್ರು. ಹಗಲು ಮಾವನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಇದು. ಪೋರ್ಟ್‌ಫೋಲಿಯೊದಲ್ಲಿ ಒಟ್ಟು 19 ಕೆಲಸ ಇವೆ. ಮುಖ್ಯವಾದವು ಐದು. ಯಕ್ಷಗಾನದ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಅಭಿಮನ್ಯು, ಕೇದಗೆ ಮುಂದಲೆ ಅನ್ನುವ ತಲೆಕಟ್ಟು ಕಟ್ಟಿದ ಪುಂಡುವೇಷ (ಚುರುಕಿನ ಹುಡುಗರ ಪಾತ್ರ). ತೆಂಕಿನ, ಅಂದರೆ ದಕ್ಷಿಣದ ಶೈಲಿಯ ಬಣ್ಣದ ವೇಷ, ಒಬ್ಬ ರಾಕ್ಷಸ. ಬಂದರಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿ. ಒಂದು ಯುದ್ಧದ ರೋಬೋ. ಕಾರ್ಟೂನ್ ಶೈಲಿಯ ಒಬ್ಬಳು ಹುಡುಗಿ.

ಬೆಂಗಳೂರಿನ ನಾಲ್ಕು ಸ್ಟುಡಿಯೊಗೆ ಕಳಿಸಿದೆ. ಎರಡು ಕಡೆಯಿಂದ ಉತ್ತರವೇ ಇಲ್ಲ. ಒಂದು ಕಡೆ ‘ಸದ್ಯಕ್ಕೆ ಬೇಡ’. ಇನ್ನೊಂದು ಕಡೆ ಹತ್ತು ದಿನದ ಆರ್ಟ್ ಟೆಸ್ಟ್ ಕೊಟ್ಟರು. ನಿದ್ದೆಗೆಟ್ಟು ಮಾಡಿ ಕಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಇನ್‌ಸ್ಟಾದಲ್ಲಿ ಬೆಂಕಿ ಚಿತ್ರ ಹಾಕಿ ಹೋಗುತ್ತಾರೆ. ಅದರಿಂದ ಹೊಟ್ಟೆ ತುಂಬುವುದಿಲ್ಲ ಅಂತ ಗೊತ್ತಾಯಿತು. ಬೈದರೂ ಪರವಾಗಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ.

ಕಲೀತಿರೋಳು · ಶುಕ್ರವಾರ, ರಾತ್ರಿ 11:58

ಅಣ್ಣ, ಆ ಭುಜಕೀರ್ತಿಯ ಕೆತ್ತನೆ! ಒಂದೊಂದು ಕನ್ನಡಿ ಚೂರೂ ಕಾಣುತ್ತದೆ. ನಾನು ಇನ್ನೂ ಹೊಸಬರ ಪಾಠದ ಡೋನಟ್ ಮುಗಿಸಿ ಕುರ್ಚಿಗೆ ಬಂದಿದ್ದೇನೆ. ನಿಮಗೇ ಕೆಲಸ ಸಿಗದಿದ್ದರೆ ನಮ್ಮ ಗತಿ ಏನು?

ನಾಲ್ಕುಮೂಲೆ · ಶನಿವಾರ, ಬೆಳಿಗ್ಗೆ 8:15

ಬೆಂಗಳೂರಿನಲ್ಲಿ ಗೇಮ್ ಕ್ಯಾರೆಕ್ಟರ್ ಮಾಡುವ ಕೆಲಸ ನನ್ನದು, ಒಂಬತ್ತು ವರ್ಷ. ಹೊಸಬರ ಪೋರ್ಟ್‌ಫೋಲಿಯೊ ನೋಡುವ ಪಾಳಿಯೂ ಆಗಾಗ ಬರುತ್ತದೆ. ಬೈಯಿರಿ ಅಂದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ.

19 ಜಾಸ್ತಿ. ನೋಡುವವರು ನಿಮ್ಮ ಅತ್ಯುತ್ತಮ ಕೆಲಸ ನೋಡಿ ಅಳೆಯುವುದಿಲ್ಲ, ಅತಿ ಕೆಟ್ಟದ್ದನ್ನು ನೋಡಿ ಅಳೆಯುತ್ತಾರೆ. ನಿಮ್ಮ ಪುಟದ ಮೊದಲ ಸಾಲಿನಲ್ಲೇ ಎರಡು ವರ್ಷ ಹಳೆಯ ಒಂದು ಕತ್ತಿ ಇದೆ, ಅರ್ಧ ಮುಗಿದ ಡ್ರ್ಯಾಗನ್ ಇದೆ. ಇವನಿಗೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅನ್ನುವುದೇ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ನಾಲ್ಕೈದು ಉಳಿಸಿ, ಉಳಿದದ್ದು ತೆಗೆಯಿರಿ. ‘ಬ್ಲೆಂಡರ್ 90%, ಸಬ್‌ಸ್ಟೆನ್ಸ್ 75%’ ಅಂತ ಯಾವ ತಂತ್ರಾಂಶ ಎಷ್ಟು ಬರುತ್ತದೆ ಅನ್ನುವ ಪಟ್ಟಿ ಹಾಕಿದ್ದೀರಲ್ಲ, ಅದನ್ನು ಇವತ್ತೇ ಅಳಿಸಿ. ಯಾವುದರ 90%?

ಎರಡನೆಯದು. ಇಷ್ಟು ಕೆಲಸದಲ್ಲಿ ವೈರ್‌ಫ್ರೇಮ್, ಅಂದರೆ ಮಾಡೆಲಿನ ಗೆರೆಗಳ ಬಲೆ (ಮೆಶ್) ತೋರಿಸುವ ಚಿತ್ರ, ಒಂದೂ ಇಲ್ಲ. ಬಣ್ಣ ಇಲ್ಲದ ಕ್ಲೇ ರೆಂಡರ್ ಒಂದೂ ಇಲ್ಲ. ಎಲ್ಲಾ ಕತ್ತಲೆ, ಹಿಂದಿನಿಂದ ಒಂದು ಕಡೆ ನೀಲಿ ಲೈಟು, ಇನ್ನೊಂದು ಕಡೆ ಕಿತ್ತಳೆ, ನಡುವೆ ಹೊಗೆ. ಸಿನಿಮಾ ಪೋಸ್ಟರ್ ಆಗಿ ಚೆನ್ನಾಗಿದೆ. ಆದರೆ ಮಾಡೆಲರ್ ಕೆಲಸಕ್ಕೆ ಅರ್ಜಿ ಹಾಕುವವರು ಮಾಡೆಲ್ ತೋರಿಸಬೇಕು. ಹೊಗೆ ಹಾಕಿದ್ದಾನೆ ಅಂದರೆ ಏನೋ ಮುಚ್ಚಿಡುತ್ತಿದ್ದಾನೆ ಅಂತ ನಮಗೆ ತಕ್ಷಣ ಅನ್ನಿಸುತ್ತದೆ. ಮುಚ್ಚಿಡುತ್ತಿದ್ದೀರಾ?

ಒಂದೊಂದು ಕ್ಯಾರೆಕ್ಟರಿಗೂ ಸಾದಾ ಬೆಳಕಿನಲ್ಲಿ ಮುಂದೆ, ಪಕ್ಕ, ಹಿಂದೆ. ಅದೇ ಕೋನದಲ್ಲಿ ಕ್ಲೇ. ಅದೇ ಕೋನದಲ್ಲಿ ವೈರ್. ಟೆಕ್ಸ್ಚರ್ ಮ್ಯಾಪ್‌ಗಳು, ಅಂದರೆ ಮಾಡೆಲಿಗೆ ಹೊದಿಸುವ ಚಿತ್ರಗಳು, ಒಂದು ಕಡೆ. ಮಾಡೆಲಿನಲ್ಲಿ ತ್ರಿಕೋನ ಎಷ್ಟು ಅಂತ ಒಂದು ಸಾಲು. ಇಷ್ಟು ಹಾಕಿ, ಆಮೇಲೆ ಮಾತಾಡೋಣ.

ಮಾಂಟ್ರಿಯಲ್_ಮಂಜು · ಶನಿವಾರ, ಬೆಳಿಗ್ಗೆ 9:02

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಇಲ್ಲಿಯೂ ಅದೇ ಕತೆ. ಲೀಡ್ ಆದವರು ಕಾಫಿ ಲೋಟ ಕೈಯಲ್ಲಿ ಹಿಡಿದು ಸರಸರ ಸ್ಕ್ರಾಲ್ ಮಾಡುತ್ತಾರೆ. ಬೆರಳು ನಿಲ್ಲುವುದು ಎರಡೇ ಕಡೆ, ಮುಖ ಮತ್ತು ಕೈ.

ಇನ್ನೊಂದು. ಗೇಮಿಗೋ ಸಿನಿಮಾಗೋ ನಿರ್ಧಾರ ಮಾಡಿಕೊಳ್ಳಿ. ಅಭಿಮನ್ಯುವಿನ ಕೂದಲು ಎಳೆ ಎಳೆಯಾಗಿ ಗ್ರೂಮ್ ಮಾಡಿದ್ದೀರಿ, ಅದು ಸಿನಿಮಾ ಪದ್ಧತಿ. ಬಟ್ಟೆಗೆ ಗೇಮಿನವರ ಹಾಗೆ ನಾರ್ಮಲ್ ಮ್ಯಾಪ್ ಬೇಕ್ ಮಾಡಿದ್ದೀರಿ, ಅಂದರೆ ಉಬ್ಬುತಗ್ಗನ್ನು ಚಿತ್ರದಲ್ಲೇ ತುಂಬಿದ್ದೀರಿ. ಗೇಮಿಗಾದರೆ ಕೂದಲು ಹೆಚ್ಚಾಗಿ ಕಾರ್ಡ್‌ಗಳಲ್ಲಿ ಬರುತ್ತದೆ, ಅಂದರೆ ಚಪ್ಪಟೆ ಪಟ್ಟಿಗಳ ಮೇಲೆ ಕೂದಲಿನ ಚಿತ್ರ. ಎರಡೂ ಬೆರೆಸಿದರೆ ಇವನು ಯಾವ ಕೆಲಸಕ್ಕೆ ಬಂದಿದ್ದಾನೆ ಅಂತ ಗೊತ್ತಾಗುವುದಿಲ್ಲ.

ಗಂಗೊಳ್ಳಿ_ಹುಡುಗ · ಶನಿವಾರ, ರಾತ್ರಿ 10:20

ಅಂಗಡಿ ಮುಚ್ಚಿ ಈಗ ಬಂದೆ. ನಾಲ್ಕುಮೂಲೆ ಸರ್, ಹೌದು, ಮುಚ್ಚಿಡುತ್ತಿದ್ದೆ. ವೈರ್‌ಫ್ರೇಮ್ ತೋರಿಸಲು ನಾಚಿಕೆ. ಈಗ ಐದಕ್ಕೂ ಕ್ಲೇ, ವೈರ್ ಎರಡೂ ಹಾಕಿದ್ದೇನೆ. ಉಳಿದ 14 ತೆಗೆದೆ, 90% ಕೂಡ.

ಗೇಮ್‌ಗೇ ಹೋಗಬೇಕು ಅಂತ ಆಸೆ. ಮಂಜು ಸರ್ ಹೇಳಿದ್ದು ಅರ್ಥವಾಯಿತು, ಕೂದಲು ಮತ್ತೆ ಮಾಡುತ್ತೇನೆ. ಇಲ್ಲಿ ಒಬ್ಬರು ಮೆಸೇಜ್ ಮಾಡಿ ‘ಬ್ಲೆಂಡರ್‌ನಲ್ಲಿ ಸ್ಕಲ್ಪ್ಟ್ ಮಾಡಿದರೆ ಸ್ಟುಡಿಯೊದಲ್ಲಿ ನಗುತ್ತಾರೆ, ಝಡ್‌ಬ್ರಶ್ ಕಲಿ’ ಅಂದರು. ನಿಜವಾ?

ನಾಲ್ಕುಮೂಲೆ · ಶನಿವಾರ, ರಾತ್ರಿ 11:05

ನಗುವುದಿಲ್ಲ. ಒಳಗೆ ಸೇರಿದ ಮೇಲೆ ಅವರು ಯಾವುದು ಕೊಡುತ್ತಾರೋ ಅದನ್ನು ಕಲಿಯಬೇಕಾಗುತ್ತದೆ, ಅಷ್ಟೇ. ಝಡ್‌ಬ್ರಶ್, ಮಾಯಾದಂಥ ಬೇರೆ ತಂತ್ರಾಂಶ ಬಳಸುವ ಕಡೆ ಎರಡು ತಿಂಗಳಲ್ಲಿ ಕೈ ಹೊಂದುತ್ತದೆ. ಬ್ಲೆಂಡರ್ 2002ರಲ್ಲಿ ಜನರ ಹತ್ತಿರ ದುಡ್ಡು ಕೂಡಿಸಿ ಮುಕ್ತ ತಂತ್ರಾಂಶ ಮಾಡಿದ ಸಾಮಾನು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಅನಿಮೇಷನ್ ಚಿತ್ರ ಬ್ಲೆಂಡರ್‌ನಲ್ಲೇ ಆದದ್ದು. ಆ ಮೆಸೇಜ್ ಮಾಡಿದವರಿಗೆ ಇದನ್ನು ಹೇಳಿ. ಉಳಿ ಯಾವುದಾದರೇನು, ಮೂಗು ಸರಿ ಇದೆಯಾ ನೋಡೋಣ.

ಅಂದಹಾಗೆ ಮೂಗು ಸರಿ ಇಲ್ಲ. ನಾಳೆ ಬರೆಯುತ್ತೇನೆ.

ಜೇಡಿಮಣ್ಣು · ಭಾನುವಾರ, ಬೆಳಿಗ್ಗೆ 7:30

ನಾನು ಕಂಪ್ಯೂಟರಿನವಳಲ್ಲ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಶಿಲ್ಪ ಓದಿದವಳು. ಈಗ ಮಣ್ಣು, ಫೈಬರ್, ಒಮ್ಮೊಮ್ಮೆ ಸಿಮೆಂಟು. ಮಗ ಈ ವೇದಿಕೆ ತೋರಿಸಿದ, ನೋಡುತ್ತಾ ಇರುತ್ತೇನೆ.

ತಮ್ಮಾ, ಒಂದು ಕೆಲಸ ಮಾಡಿ. ಅಭಿಮನ್ಯುವಿನ ಮುಂದಲೆ ತೆಗೆಯಿರಿ. ಎದೆಕಟ್ಟು, ಭುಜಕೀರ್ತಿ, ಕಿವಿಯ ಆಭರಣ, ಬಣ್ಣ, ಎಲ್ಲಾ ತೆಗೆಯಿರಿ. ಬರೀ ತಲೆ, ಕುತ್ತಿಗೆ, ಭುಜ. ಬೂದು ಬಣ್ಣದಲ್ಲಿ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬರುವ ಹಾಗೆ ಇಟ್ಟು ಚಿತ್ರ ಹಾಕಿ.

ಗಂಗೊಳ್ಳಿ_ಹುಡುಗ · ಭಾನುವಾರ, ಬೆಳಿಗ್ಗೆ 10:10

ಅಕ್ಕಾ, ಹಾಕಿದ್ದೇನೆ. ಹಾಕುವಾಗಲೇ ಗೊತ್ತಾಯಿತು.

ಮೂಳೆಕಟ್ಟುವವ · ಭಾನುವಾರ, ಬೆಳಿಗ್ಗೆ 10:31

ಅಯ್ಯೋ ದೇವರೇ. ಮುಂದಲೆ ತೆಗೆದರೆ ಒಳಗೆ ಅಮೆರಿಕದ ಸೈನಿಕ ಕೂತಿದ್ದಾನೆ!

ಜೇಡಿಮಣ್ಣು · ಭಾನುವಾರ, ಮಧ್ಯಾಹ್ನ 12:05

ನಗಬೇಡಿ ಪಾಪ. ಹಾಕುವ ಧೈರ್ಯ ಮಾಡಿದ್ದಾರೆ.

ತಮ್ಮಾ, ಇದು ಎಲ್ಲಿಂದಲೋ ತಂದ ತಲೆ ಅಲ್ವಾ? ಹುಬ್ಬಿನ ಮೂಳೆ ಚಾವಣಿ ಹಾಗೆ ಮುಂದೆ ಬಂದಿದೆ, ದವಡೆ ಚೌಕ. ಹದಿನಾರರ ಹುಡುಗ ಅಭಿಮನ್ಯು, ಅವನಿಗೆ ಇಂಥ ದವಡೆಯಾ? ನಿಮ್ಮ ಊರಿನಲ್ಲಿ ವಾಲಿಬಾಲ್ ಆಡುವ ಹುಡುಗರ ಮುಖ ನೋಡಿ. ಕೆನ್ನೆಯ ಮೂಳೆ, ತುಟಿಯ ದಪ್ಪ, ಮೂಗಿನ ಹೊಳ್ಳೆ, ಅದು ಬೇರೆಯೇ ಲೆಕ್ಕ.

ಕಣ್ಣಿಗೆ ಬರೋಣ. ರೆಪ್ಪೆಗೆ ದಪ್ಪವೇ ಇಲ್ಲ, ಕಾಗದ ಅಂಟಿಸಿದ ಹಾಗಿದೆ. ಕಣ್ಣುಗುಡ್ಡೆಯನ್ನು ನುಣ್ಣಗಿನ ಗೋಲಿ ಮಾಡಿದ್ದೀರಿ. ನಿಜವಾದ ಕಣ್ಣಿನಲ್ಲಿ ಕಪ್ಪು ಇರುವ ಜಾಗ ಸ್ವಲ್ಪ ಉಬ್ಬಿರುತ್ತದೆ. ಕಣ್ಣು ಮುಚ್ಚಿ, ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ಬೆರಳಿಟ್ಟು ಕಣ್ಣು ಆಚೀಚೆ ಹೊರಳಿಸಿ, ಉಬ್ಬು ಓಡಾಡುವುದು ಗೊತ್ತಾಗುತ್ತದೆ. ಮೇಲಿನ ರೆಪ್ಪೆ ಕರಿಗುಡ್ಡೆಯ ಮೇಲಂಚನ್ನು ಸ್ವಲ್ಪ ಮುಚ್ಚಬೇಕು. ನಿಮ್ಮದರಲ್ಲಿ ಇಡೀ ವೃತ್ತ ಕಾಣುತ್ತದೆ, ಅದಕ್ಕೇ ಯಾವಾಗಲೂ ಬೆಚ್ಚಿಬಿದ್ದವನ ಹಾಗೆ ಇದ್ದಾನೆ.

ಕುತ್ತಿಗೆ ಪಿ.ವಿ.ಸಿ. ಪೈಪು. ಕಿವಿಯ ಹಿಂದಿನ ಮೂಳೆಯಿಂದ ಓರೆಯಾಗಿ ಇಳಿದು ಎದೆಯ ನಡುವಿನ ಗುಳಿಯ ಪಕ್ಕ ಸೇರುವ ಸ್ನಾಯು ಒಂದಿದೆ. ತಲೆ ಒಂದು ಕಡೆ ತಿರುಗಿಸಿದರೆ ಹಗ್ಗದ ಹಾಗೆ ಎದ್ದು ಕಾಣುತ್ತದೆ. ಅದು ಇಲ್ಲದೆ ಕುತ್ತಿಗೆ ಇಲ್ಲ. ಕಿವಿ ಕೆಳಗೆ ಇಳಿದಿದೆ. ತಲೆ ನೇರ ಇದ್ದಾಗ ಹುಬ್ಬಿಗೂ ಮೂಗಿನ ಬುಡಕ್ಕೂ ನಡುವೆ ಕಿವಿ ಕೂರಬೇಕು.

ಆಭರಣಕ್ಕೆ ತಿಂಗಳು ಕೊಟ್ಟಿದ್ದೀರಿ. ತಲೆಗೆ ಎಷ್ಟು ದಿನ ಕೊಟ್ಟಿರಿ?

ಗಂಗೊಳ್ಳಿ_ಹುಡುಗ · ಭಾನುವಾರ, ಮಧ್ಯಾಹ್ನ 12:40

ಒಂದು ಸಂಜೆ, ಅಕ್ಕ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಬೇಸ್ ಮೆಶ್, ಅಂದರೆ ಸಿದ್ಧ ಮೂಲ ಮಾಡೆಲ್, ತಂದು ಸ್ವಲ್ಪ ಎಳೆದಾಡಿದೆ. ಹೇಗೂ ಬಣ್ಣ, ಕಿರೀಟ ಬರುತ್ತದಲ್ಲ ಅಂದುಕೊಂಡೆ.

ಚೌಕಿಯಿಂದ · ಭಾನುವಾರ, ಮಧ್ಯಾಹ್ನ 3:15

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವ, ಹವ್ಯಾಸಿ ವೇಷಧಾರಿ. ತೆಂಕು ಬಡಗು ಎರಡೂ ನೋಡಿ ಬೆಳೆದವ. ಅಕ್ಕನವರ ಮಾತಿಗೆ ಒಂದು ಸಣ್ಣ ತಕರಾರು ಉಂಟು.

ವೇಷ ಅಂದರೆ ಮುಖ ಮರೆಯಾಗುವುದೇ ಅಲ್ವಾ? ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಾಕಿ ಎದ್ದ ಮೇಲೆ ಅಲ್ಲಿ ನಾನು ಇರುವುದಿಲ್ಲ. ನನ್ನ ಹೆಂಡತಿಯೇ ಒಂದು ಸಲ ಎದುರು ನಿಂತು ಗುರುತು ಹಿಡಿಯಲಿಲ್ಲ. ಹಾಗಾಗಿ ಬಣ್ಣದ ಅಡಿಯ ಮುಖ ಯಾರದು ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ ಅಂತ ನನ್ನ ಅನಿಸಿಕೆ. ದೊಡ್ಡ ತಪ್ಪು ಬೇರೆ ಉಂಟು.

ಮಾರಾಯ್ರೆ, ಆ ಬಣ್ಣದ ವೇಷಕ್ಕೆ ಬಡಗಿನ ಚೌಕುಳಿ ಕಸೆ ಸೀರೆ ಯಾಕೆ ಉಡಿಸಿದ್ರಿ? ಮುಖ ತೆಂಕು, ಸೊಂಟದ ಕೆಳಗೆ ಬಡಗು. ಪುತ್ತೂರಿನಲ್ಲಿ ಹತ್ತಿ ಕುಂದಾಪುರದಲ್ಲಿ ಇಳಿದ ಹಾಗೆ ಆಯಿತು. ನಮ್ಮ ಕಡೆಯವರು ಇದನ್ನು ಮೊದಲು ನೋಡುತ್ತಾರೆ, ವೈರ್‌ಫ್ರೇಮ್ ಆಮೇಲೆ.

ಚುಟ್ಟಿಯೂ ಸರಿ ಇಲ್ಲ. ನೀವು ಅದನ್ನು ಬಿಳಿ ಚುಕ್ಕಿ ಅಂತ ಬಣ್ಣದಲ್ಲಿ ಹಾಕಿದ್ದೀರಿ. ಅದು ಚುಕ್ಕಿ ಅಲ್ಲ, ಮುಳ್ಳು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಕಡ್ಡಿಯಲ್ಲಿ ಒಂದೊಂದೇ ಇಡುವುದು. ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ಹಾಗೆ ಎತ್ತರ ಬರುತ್ತದೆ. ಗಂಟೆಗಟ್ಟಲೆ ಕನ್ನಡಿ ಹಿಡಿದು ತನ್ನ ಮುಖಕ್ಕೆ ತಾನೇ ಇಟ್ಟುಕೊಳ್ಳಬೇಕು. ಸಾಲು ನೇರ ಇದ್ದರೂ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ನಿಮ್ಮದು ಮಿಶಿನಿನಲ್ಲಿ ಒತ್ತಿದ ಹಾಗೆ ಉಂಟು.

ಜೇಡಿಮಣ್ಣು · ಭಾನುವಾರ, ಸಂಜೆ 4:00

ಚೌಕಿಯವರೇ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ನೀವು ಹುಬ್ಬು ಹಾರಿಸಿದಾಗ ಆ ಚುಟ್ಟಿ ಅಲುಗುತ್ತದಲ್ಲ, ಅದನ್ನು ಅಲುಗಿಸುವುದು ಯಾವುದು? ಕೆಳಗಿನ ಸ್ನಾಯು. ಗುರುತು ಮರೆಯಾಗಲಿ, ಮುಖ ಮರೆಯಾಗಬಾರದು.

ಚೌಕಿಯಿಂದ · ಭಾನುವಾರ, ಸಂಜೆ 4:12

ಹಾಗೆ ಹೇಳಿದರೆ ಸರಿ. ಗಲ್ಲ ಬಿರುಸಾಗಿ ಆಡಿಸಿದರೆ ಚುಟ್ಟಿ ಉದುರುವುದೂ ಉಂಟು.

ನಾಲ್ಕುಮೂಲೆ · ಭಾನುವಾರ, ಸಂಜೆ 6:45

ಈಗ ಇದು ಮಾಡೆಲಿಂಗ್ ಮಾತಿಗೆ ಬಂತು. ಚುಟ್ಟಿ ಎತ್ತರ ಇದೆ ಅಂದ ಮೇಲೆ ಬರೀ ನಾರ್ಮಲ್ ಮ್ಯಾಪ್ ಸಾಲದು. ಮುಂದಿನಿಂದ ನೋಡಿದರೆ ಮೋಸ ಹೋಗಬಹುದು, ಪಕ್ಕದಿಂದ ನೋಡಿದಾಗ ಕೆನ್ನೆಯ ಅಂಚು ನುಣ್ಣಗೆ ಕಾಣುತ್ತದೆ, ಗುಟ್ಟು ಬಯಲು. ಅಂಚಿಗೆ ಬರುವ ಮುಳ್ಳುಗಳನ್ನು ನಿಜವಾದ ಜಿಯೊಮೆಟ್ರಿ ಮಾಡಿ. ಐದಾರು ಬಗೆಯ ಮುಳ್ಳು ಮಾಡಿಕೊಂಡು ಹರಡಿ, ಅಳತೆ ಮತ್ತು ಓರೆ ಬದಲಾಯಿಸಿ. ಒಳಗಿನ ಚಿಕ್ಕವು ಬೇಕ್ ಆದರೆ ಸಾಕು.

ವೈರ್ ನೋಡಿದೆ. ನಾಚಿಕೆ ಪಡುವಷ್ಟು ಕೆಟ್ಟದ್ದಲ್ಲ. ಕಣ್ಣಿನ ಸುತ್ತ ಲೂಪ್, ಅಂದರೆ ಬಲೆಯ ಸುತ್ತುಗೆರೆಗಳು, ಚೆನ್ನಾಗಿವೆ. ಬಾಯಿಯ ಸುತ್ತ ಬರಬೇಕಾದ ಲೂಪ್ ಮಾತ್ರ ದಾರಿ ತಪ್ಪಿ ಕಿವಿಗೆ ಹೋಗಿದೆ. ಐದು ಅಂಚು ಸೇರುವ ಪೋಲ್ ತುಟಿಯ ಮೂಲೆಯಲ್ಲೇ ಇದೆ. ಬಾಯಿ ತೆರೆದರೆ ಅಲ್ಲಿ ಚಿವುಟಿದ ಹಾಗೆ ಆಗುತ್ತದೆ. ಮೂಗಿನ ಪಕ್ಕದಿಂದ ಬಾಯಿ ಬಳಸಿ ಗಲ್ಲಕ್ಕೆ ಬರುವ ನಗೆಗೆರೆ ಇದೆಯಲ್ಲ, ಅದರ ಜಾಡಿನಲ್ಲೇ ಲೂಪ್ ಓಡಲಿ. ಪೋಲನ್ನು ಕೆನ್ನೆಯ ಮೇಲೆ, ಚರ್ಮ ಕಡಿಮೆ ಅಲುಗುವ ಜಾಗಕ್ಕೆ ತಳ್ಳಿ.

ಟೆಕ್ಸ್ಚರ್ ಹಂಚಿಕೆ ಅನ್ಯಾಯವಾಗಿದೆ. ಮುಂದಲೆಗೆ ಒಂದು ಪೂರ್ತಿ 4ಕೆ ಶೀಟು, ಕಾಲಿಗೆ ಮೂಲೆಯಲ್ಲಿ ಒಂದಿಷ್ಟು ಜಾಗ. ಗೆಜ್ಜೆ ಮಸುಕು ಮಸುಕು. ಯಕ್ಷಗಾನದವನ ಕಾಲಿಗೇ ಜಾಗ ಇಲ್ಲ ಅಂದರೆ ಹೇಗೆ?

ಇನ್ನು ಬಂಗಾರ. ಎಲ್ಲಾ ಆಭರಣಕ್ಕೂ ಮೆಟಾಲಿಕ್ 1, ಅಂದರೆ ಪೂರ್ತಿ ಲೋಹ, ಹಾಕಿ ಬಿಟ್ಟಿದ್ದೀರಿ, ಗಟ್ಟಿ ಚಿನ್ನ ಎರಕ ಹೊಯ್ದ ಹಾಗಿದೆ. ಚೌಕಿಯವರೇ, ಅದು ನಿಜಕ್ಕೂ ಏನು?

ಚೌಕಿಯಿಂದ · ಭಾನುವಾರ, ರಾತ್ರಿ 8:20

ಹಗುರದ ಮರ. ಕೆತ್ತಿ, ಅದರ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುವುದು, ನಡುವೆ ಕನ್ನಡಿ ಚೂರು. ಹತ್ತಿರದಿಂದ ನೋಡಿದರೆ ಬೇಗಡೆ ಸುಕ್ಕು ಇರುತ್ತದೆ. ಅಂಚಿನಲ್ಲಿ ಕಿತ್ತು ಮರ ಕಾಣುತ್ತದೆ. ಹಳೆಯ ಸೆಟ್ಟಿನಲ್ಲಿ ತೇಪೆಯೂ ಉಂಟು. ಗಟ್ಟಿ ಲೋಹ ಆದರೆ ಹೊತ್ತು ಕುಣಿಯುವವನ ಕತೆ ಮುಗಿಯಿತು.

ಮುಖದ ಬಣ್ಣ ಕೇಳಿದರೆ, ಹಿಂದಿನ ಪದ್ಧತಿಯಲ್ಲಿ ಅರದಾಳ ಹಳದಿಗೆ, ಇಂಗಳೀಕ ಕೆಂಪಿಗೆ, ಸಫೇದ ಬಿಳಿಗೆ. ತೆಂಗಿನೆಣ್ಣೆಯಲ್ಲಿ ಕಲಸುವುದು. ಮೇಲೆ ಪೌಡರ್ ಒತ್ತುವುದು, ಇಲ್ಲದಿದ್ದರೆ ಎಣ್ಣೆ ಮಿರಮಿರ. ಶುರುವಿಗೆ ಮುಖ ಒಣಗಿದ ಗೋಡೆ ಹಾಗೆ ಇರುತ್ತದೆ. ಎರಡು ಗಂಟೆ ಕುಣಿದ ಮೇಲೆ ಮೂಗಿನ ಪಕ್ಕ, ತುಟಿಯ ಮೇಲೆ ಬೆವರು ಒಡೆದು ಹೊಳೆಯುತ್ತದೆ.

ಮಾಂಟ್ರಿಯಲ್_ಮಂಜು · ಭಾನುವಾರ, ರಾತ್ರಿ 8:41

ಸ್ವಾಮಿ, ನೀವು ಈಗ ಕೊಟ್ಟದ್ದು ಒಂದು ಪೂರ್ತಿ ರಫ್‌ನೆಸ್ ಮ್ಯಾಪ್, ಎಲ್ಲಿ ಹೊಳಪು, ಎಲ್ಲಿ ಇಲ್ಲ ಅನ್ನುವ ನಕ್ಷೆ. ನಾವು ಇಲ್ಲಿ ಇಂಥ ಮಾಹಿತಿಗಾಗಿ ರೆಫರೆನ್ಸ್ ಹುಡುಕಿ ಸಾಯುತ್ತೇವೆ.

ಹುಡುಗ, ಇನ್ನೊಂದು ಗಮನಿಸು. ನಿನ್ನ ರಾಕ್ಷಸನ ಕಿವಿ, ಮೂಗಿನ ತುದಿ ಕೆಂಪಗೆ ಬೆಳಗುತ್ತಿವೆ. ಬೆಳಕು ಚರ್ಮದೊಳಗೆ ನುಗ್ಗಿ ಬರುವ ಪರಿಣಾಮ, ಸಬ್‌ಸರ್ಫೇಸ್ ಸ್ಕ್ಯಾಟರಿಂಗ್, ಪೂರ್ತಿ ಜೋರಾಗಿದೆ. ಅಷ್ಟು ದಪ್ಪ ಬಣ್ಣ ಬಳಿದ ಮುಖದಲ್ಲಿ ಬೆಳಕು ಹಾಗೆ ತೂರುವುದಿಲ್ಲ. ಬಣ್ಣ ಇರುವಲ್ಲಿ ಅದನ್ನು ತೀರಾ ಇಳಿಸು. ಬಣ್ಣ ಮುಟ್ಟದ ಜಾಗದಲ್ಲಿ, ಕುತ್ತಿಗೆ ಹಿಂದೆ, ಬೆರಳಿನಲ್ಲಿ ಉಳಿಸು. ಆ ಎರಡರ ವ್ಯತ್ಯಾಸ ಕಂಡರೆ ಇದು ಬಣ್ಣ ಹಾಕಿಕೊಂಡ ಮನುಷ್ಯ ಅಂತ ನೋಡುವವನಿಗೆ ಹೇಳದೆಯೇ ಗೊತ್ತಾಗುತ್ತದೆ.

ಕಲೀತಿರೋಳು · ಭಾನುವಾರ, ರಾತ್ರಿ 9:00

ದಡ್ಡ ಪ್ರಶ್ನೆ. ಮೊಬೈಲಿನಲ್ಲಿ ಸುತ್ತಲೂ ಫೋಟೊ ತೆಗೆದು ಸ್ಕ್ಯಾನ್ ಮಾಡುತ್ತಾರಲ್ಲ, ಫೋಟೊಗ್ರಾಮೆಟ್ರಿ. ಭುಜಕೀರ್ತಿಯನ್ನು ಹಾಗೆ ಸ್ಕ್ಯಾನ್ ಮಾಡಿದರೆ ಆಗಲ್ವಾ? ಕೈಯಲ್ಲಿ ಯಾಕೆ ಕೆತ್ತಬೇಕು?

ಗಂಗೊಳ್ಳಿ_ಹುಡುಗ · ಭಾನುವಾರ, ರಾತ್ರಿ 10:30

ಮಾಡಿ ನೋಡಿದ್ದೇನೆ. 200 ಫೋಟೊ ತೆಗೆದೆ. ಬಂದದ್ದು ಮಳೆಗೆ ಕರಗಿದ ಬೆಲ್ಲದಚ್ಚು. ಬೇಗಡೆ, ಕನ್ನಡಿ ಎರಡೂ ಹೊಳೆಯುತ್ತವೆ. ಕ್ಯಾಮೆರಾ ಸರಿದ ಹಾಗೆ ಹೊಳಪೂ ಸರಿಯುತ್ತದೆ. ಒಂದು ಫೋಟೊದ ಚುಕ್ಕಿ ಇನ್ನೊಂದರಲ್ಲಿ ಸಿಗದೆ ತಂತ್ರಾಂಶಕ್ಕೆ ತಲೆ ಕೆಡುತ್ತದೆ. ಹೊಳಪು ಸಾಯಿಸಲು ಪೌಡರ್ ಸಿಂಪಡಿಸಬಹುದು, ಆದರೆ ಮೇಳದವರ ಸಾಮಾನಿಗೆ ಪೌಡರ್ ಹಾಕುತ್ತೇನೆ ಅಂದರೆ ಅಟ್ಟಿಸಿಕೊಂಡು ಬರುತ್ತಾರೆ. ಅದಕ್ಕೇ ಅಳತೆ ತೆಗೆದುಕೊಂಡು ಕೈಯಲ್ಲೇ ಮಾಡಿದೆ.

ನಾಲ್ಕುಮೂಲೆ · ಭಾನುವಾರ, ರಾತ್ರಿ 10:44

ಇದನ್ನು ಪೋರ್ಟ್‌ಫೋಲಿಯೊದಲ್ಲಿ ಬರೆದಿದ್ದೀರಾ? ಇಲ್ಲ. ಅಳತೆ ಚೀಟಿಯ ಫೋಟೊ ಇದೆಯಾ? ಹಾಕಿ. ಅದು ಹೊಗೆ ಹಾಕಿದ ಹತ್ತು ರೆಂಡರಿಗಿಂತ ಮೇಲು.

ಮೂಳೆಕಟ್ಟುವವ · ಸೋಮವಾರ, ಬೆಳಿಗ್ಗೆ 11:20

ಸೈನಿಕ ಅಂತ ನಕ್ಕದ್ದಕ್ಕೆ ಪ್ರಾಯಶ್ಚಿತ್ತವಾಗಿ ನಿನ್ನೆ ರಾತ್ರಿ ನಿಮ್ಮ ಫೈಲ್ ಇಳಿಸಿಕೊಂಡು ಅಭಿಮನ್ಯುವಿಗೆ ಸಣ್ಣ ರಿಗ್, ಅಂದರೆ ಕೈಕಾಲು ಆಡಿಸುವ ಮೂಳೆಗಳ ಜೋಡಣೆ, ಹಾಕಿ ನೋಡಿದೆ. ಮಾಡೆಲರ್‌ಗಳು ಈ ಕೆಲಸ ತಾವೇ ಒಮ್ಮೆ ಮಾಡಿ ನೋಡಬೇಕು ಅನ್ನುವುದು ನನ್ನ ಹಳೆಯ ಜಗಳ.

ಮೊಣಕೈ ಮಡಚಿದೆ, ಒಳಗಡೆ ಕೊಳವೆ ಬಗ್ಗಿದ ಹಾಗೆ ಕುಸಿಯಿತು. ಅಲ್ಲಿ ಒಂದೇ ಲೂಪ್ ಇದೆ, ಅದೂ ತ್ರಿಕೋನಗಳ ಜೊತೆ. ಕನಿಷ್ಠ ಮೂರು ಬೇಕು, ಹೊರಗಡೆ ಸ್ವಲ್ಪ ಬಿಡಿಬಿಡಿಯಾಗಿ, ಒಳಗಡೆ ಹತ್ತಿರ. ಮೊಣಕಾಲು ಇನ್ನೂ ಮುಖ್ಯ. ನಿಮ್ಮ ಪುಂಡುವೇಷ ಮಂಡಿ ಹಾಕುತ್ತಾನಲ್ವಾ? ನೆಲದ ಮೇಲೆ ಮೊಣಕಾಲೂರಿ ಗಿರಗಿರ ತಿರುಗುವುದು. ಅಂದರೆ ಕಾಲು ಪೂರ್ತಿ ಮಡಚಿ, ಮೀನಖಂಡ ತೊಡೆಗೆ ಒತ್ತಿ, ಮೈಭಾರ ಎಲ್ಲ ಚಿಪ್ಪಿನ ಮೇಲೆ. ನಿಮ್ಮ ಮಾಡೆಲ್ ಅರ್ಧ ಮಡಚುವಾಗಲೇ ತೊಡೆಯೊಳಗೆ ಕಾಲು ನುಗ್ಗಿತು. ಕುಣಿಯುವವನನ್ನು ಮಾಡುವಾಗ ಕುಣಿತ ಯಾವುದು ಅಂತ ಮೊದಲು ಕೇಳಿಕೊಂಡು ಮೆಶ್ ಹಾಕಬೇಕು.

ಭುಜಕೀರ್ತಿ ಇನ್ನೊಂದು ತಮಾಷೆ. ಅದನ್ನೂ ಮೈಯನ್ನೂ ಒಂದೇ ಮೆಶ್ ಮಾಡಿ ಕೂಡಿಸಿಬಿಟ್ಟಿದ್ದೀರಿ. ಕೈ ಎತ್ತಿದೆ, ಮರದ ಭುಜಕೀರ್ತಿ ರಬ್ಬರಿನ ಹಾಗೆ ಬಾಗಿತು! ಅದು ಬೇರೆ ತುಂಡಾಗಿ ಇರಬೇಕು, ಬಾಗಬಾರದು, ಒಂದೇ ಮೂಳೆಗೆ ಕಟ್ಟಿರಬೇಕು. ಪ್ರಶ್ನೆ ಏನೆಂದರೆ ಯಾವ ಮೂಳೆಗೆ? ತೋಳಿನ ಮೂಳೆಗೆ ಕಟ್ಟಿದರೆ ಕೈ ಎತ್ತಿದಾಗ ಕಿವಿಗೆ ಚುಚ್ಚುತ್ತದೆ. ಬೆನ್ನಿಗೆ ಕಟ್ಟಿದರೆ ಭುಜ ಹೋಗುತ್ತದೆ, ಅದು ಅಲ್ಲೇ ಉಳಿಯುತ್ತದೆ. ನಿಜವಾದ ಆಟದಲ್ಲಿ ಏನಾಗುತ್ತದೆ?

ಚೌಕಿಯಿಂದ · ಸೋಮವಾರ, ಮಧ್ಯಾಹ್ನ 1:50

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ದಾರದಲ್ಲಿ ಬಿಗಿದು ಕಟ್ಟುವುದು. ಕೈ ಎತ್ತಿದರೆ ಸ್ವಲ್ಪ ಮೇಲೆ ಬರುತ್ತದೆ, ತೋಳಿನಷ್ಟು ಅಲ್ಲ. ಕುಣಿಯುವಾಗ ಒಂದು ಕ್ಷಣ ತಡವಾಗಿ ಅಲುಗುತ್ತದೆ. ಹೊಸಬರಿಗೆ ಕಟ್ಟು ಸಡಿಲ ಆದರೆ ಇಡೀ ರಾತ್ರಿ ಅದನ್ನು ಸರಿ ಮಾಡುವುದೇ ಕೆಲಸ.

ಮೂಳೆಕಟ್ಟುವವ · ಸೋಮವಾರ, ಮಧ್ಯಾಹ್ನ 2:05

ಒಂದು ಕ್ಷಣ ತಡವಾಗಿ. ಸಿಕ್ಕಿತು. ಬೆನ್ನಿಗೊಂದು ಪಾಲು, ಕೊರಳೆಲುಬಿಗೊಂದು ಪಾಲು, ಮೇಲೆ ಸಣ್ಣ ಸ್ಪ್ರಿಂಗ್. ಧನ್ಯವಾದ ಸರ್.

ಮಾಂಟ್ರಿಯಲ್_ಮಂಜು · ಸೋಮವಾರ, ರಾತ್ರಿ 8:30

ಉಳಿದ ಮೂರರ ಬಗ್ಗೆ ಯಾರೂ ಮಾತಾಡಿಲ್ಲ. ರೋಬೋ ತೆಗೆದುಬಿಡು. ಅದರ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವ ಕಿಟ್‌ನವು, ನಾನೂ ಅದೇ ಕಿಟ್ ಕೊಂಡಿದ್ದೇನೆ! ಕಿಟ್ ಬಳಸುವುದು ತಪ್ಪಲ್ಲ. ಹೇಳದೆ ಬಳಸುವುದು ತಪ್ಪು. ಅಭಿಮನ್ಯುವಿನ ಬೇಸ್ ಮೆಶ್ ಬಗ್ಗೆಯೂ ಅದೇ ಮಾತು. ಯಾವುದು ನಿನ್ನದು, ಯಾವುದು ಅಲ್ಲ ಅಂತ ಕೆಳಗೆ ಬರೆ. ಸಂದರ್ಶನದಲ್ಲಿ ಅವರು ಕೇಳಿ ಗೊತ್ತಾಗುವುದಕ್ಕಿಂತ ಮೊದಲೇ ಬರೆದಿರುವುದು ಒಳ್ಳೆಯದು.

ಆ ಕಾರ್ಟೂನ್ ಹುಡುಗಿಯ ಕಾನ್ಸೆಪ್ಟ್ ಚಿತ್ರ ಯಾರು ಬಿಡಿಸಿದ್ದು? ಎಡಗಿವಿಯಲ್ಲಿ ಜುಮಕಿ, ಬಲಗಿವಿಯಲ್ಲಿ ಏನೋ ಉಂಡೆ. ಜಡೆ ಹೋಗಿ ದುಪಟ್ಟಾದಲ್ಲಿ ಕರಗಿದೆ. ನೀನು ಅದನ್ನು ಹಾಗೇ ಮಾಡೆಲ್ ಮಾಡಿದ್ದೀಯ.

ಗಂಗೊಳ್ಳಿ_ಹುಡುಗ · ಸೋಮವಾರ, ರಾತ್ರಿ 10:50

ಎಐಯಲ್ಲಿ ಮಾಡಿದ ಚಿತ್ರ, ಸರ್. ಕಾನ್ಸೆಪ್ಟ್ ಬಿಡಿಸುವವರು ಯಾರೂ ಗೊತ್ತಿರಲಿಲ್ಲ.

ಮಾಂಟ್ರಿಯಲ್_ಮಂಜು · ಸೋಮವಾರ, ರಾತ್ರಿ 11:10

ಒಪ್ಪಿಕೊಂಡೆಯಲ್ಲ, ಸಾಕು. ಈ ವಿಷಯದಲ್ಲಿ ನಮ್ಮ ಕಸುಬಿನವರಿಗೆ ಸಿಟ್ಟು ಜಾಸ್ತಿ. 2022ರ ಡಿಸೆಂಬರಿನಲ್ಲಿ, ನಮ್ಮವರು ಕೆಲಸ ತೋರಿಸುವ ತಾಣ ಆರ್ಟ್‌ಸ್ಟೇಷನ್‌ನ ಮುಖಪುಟದ ತುಂಬ ಕಲಾವಿದರು ಎಐ ಬೇಡ ಅನ್ನುವ ಒಂದೇ ಚಿತ್ರ ಹಾಕಿ ಪ್ರತಿಭಟನೆ ಮಾಡಿದ್ದರು. ನೈತಿಕತೆ ಒಂದು ಕಡೆ ಇರಲಿ, ಆ ಚಿತ್ರಕ್ಕೆ ಹಿಂಭಾಗವೇ ಇಲ್ಲವಲ್ಲ, ನೀನು ಜಡೆಯ ಬುಡ ಎಲ್ಲಿಂದ ತರುತ್ತೀಯ? ಇಲ್ಲೇ ಚಿತ್ರ ಬಿಡಿಸುವ ಮಕ್ಕಳು ಬೇಕಾದಷ್ಟು ಇದ್ದಾರೆ. ಅವರ ಒಂದು ಕಾನ್ಸೆಪ್ಟ್ ಕೇಳಿ ಮಾಡು, ಹೆಸರು ಹಾಕು. ಇಬ್ಬರಿಗೂ ಲಾಭ.

ಕಲೀತಿರೋಳು · ಸೋಮವಾರ, ರಾತ್ರಿ 11:15

ನಾನು ಬಿಡಿಸುತ್ತೇನೆ! ಮಾಡೆಲಿಂಗ್ ಬರದಿದ್ದರೂ ಪೆನ್ಸಿಲ್ ಬರುತ್ತದೆ. ಜಡೆಯ ಹಿಂಭಾಗ ಸಮೇತ.

ಜೇಡಿಮಣ್ಣು · ಮಂಗಳವಾರ, ಬೆಳಿಗ್ಗೆ 6:50

ಅಜ್ಜಿಯ ಬಗ್ಗೆ ಹೇಳಬೇಕು ಅಂತ ಇದ್ದೆ. ಐದರಲ್ಲಿ ನನಗೆ ಇಷ್ಟವಾದದ್ದು ಅವರೇ. ಬೆನ್ನು ಬಾಗಿದ ರೀತಿ, ಬುಟ್ಟಿಯ ಮುಂದೆ ಕೂತು ಗಿರಾಕಿಯನ್ನು ನೋಡುವ ಆ ಅನುಮಾನದ ನೋಟ. ಇದು ಯೂಟ್ಯೂಬ್ ನೋಡಿ ಬರುವುದಿಲ್ಲ. ಈ ಅಜ್ಜಿಯನ್ನು ನೀವು ದಿನಾ ನೋಡುತ್ತೀರಿ ಅಂತ ಕಾಣುತ್ತದೆ.

ಆದರೆ ಸುಕ್ಕು ಹಾಕುವಾಗ ಅವಸರ ಮಾಡಿದ್ದೀರಿ. ರಬ್ಬರ್ ಸ್ಟಾಂಪಿನ ಹಾಗೆ ಮುಖದ ತುಂಬ ಒಂದೇ ಬಲೆ. ಸುಕ್ಕು ಸುಮ್ಮನೆ ಬೀಳುವುದಿಲ್ಲ. ಹಣೆಯ ಸ್ನಾಯು ಮೇಲೆ ಕೆಳಗೆ ಎಳೆಯುತ್ತದೆ, ಅದಕ್ಕೇ ಹಣೆಯ ಗೆರೆ ಅಡ್ಡ. ಹುಬ್ಬಿನ ನಡುವಿನದು ಒಳಕ್ಕೆ ಎಳೆಯುತ್ತದೆ, ಅಲ್ಲಿ ಗೆರೆ ಉದ್ದ. ಕಣ್ಣಿನ ಸುತ್ತ ಸ್ನಾಯು ದುಂಡಗಿದೆ, ಗೆರೆ ಬಿಸಿಲು ಕೋಲಿನ ಹಾಗೆ ಹೊರಕ್ಕೆ. ಸ್ನಾಯು ಹೋಗುವ ದಿಕ್ಕಿಗೆ ಅಡ್ಡಲಾಗಿ ಚರ್ಮ ಮಡಚುತ್ತದೆ. ಇಷ್ಟು ನೆನಪಿಟ್ಟರೆ ಸ್ಟಾಂಪು ಬೇಡ. ಬಿಸಿಲಲ್ಲಿ ಕೂತ ಹೆಂಗಸು ಕಣ್ಣು ಕಿರಿದು ಮಾಡಿಯೇ ಮುದುಕಿಯಾಗಿರುತ್ತಾರೆ, ಅಲ್ಲಿಯ ಗೆರೆ ಆಳ ಇರಲಿ.

ಕೈ ಎಲ್ಲಿ? ಎರಡೂ ಕೈ ಬುಟ್ಟಿಯ ಹಿಂದೆ. ಮೀನು ಮಾರುವವರ ಕೈಯೇ ಕಾಣದಿದ್ದರೆ ಏನು ಬಂತು? ಐಸು, ಉಪ್ಪುನೀರು, ಕತ್ತಿ, ಎಲ್ಲದರ ಗುರುತು ಆ ಕೈಯಲ್ಲೇ ಇರುತ್ತದೆ.

ನಾಲ್ಕುಮೂಲೆ · ಮಂಗಳವಾರ, ಬೆಳಿಗ್ಗೆ 8:40

ಕೈ ಮಾಡಲು ಬರಲಿಲ್ಲ, ಅದಕ್ಕೆ ಬುಟ್ಟಿ ಬಂತು. ಮೊದಲ ವರ್ಷ ನಾನೂ ನನ್ನ ಎಲ್ಲಾ ಕ್ಯಾರೆಕ್ಟರ್‌ಗೂ ಕೈ ಕಟ್ಟಿಸಿ ನಿಲ್ಲಿಸುತ್ತಿದ್ದೆ.

ನನ್ನ ಪ್ರಕಾರ ಅಜ್ಜಿಯೇ ಪುಟದ ಮೊದಲು ಬರಬೇಕು. ಆಮೇಲೆ ಅಭಿಮನ್ಯು, ಬಣ್ಣದ ವೇಷ. ಮೂರು ಸಾಕು, ಹುಡುಗಿ ಹೊಸದಾಗಿ ಆದ ಮೇಲೆ ನಾಲ್ಕು.

ಮಾಂಟ್ರಿಯಲ್_ಮಂಜು · ಮಂಗಳವಾರ, ಬೆಳಿಗ್ಗೆ 9:15

ನಾನು ಒಪ್ಪುವುದಿಲ್ಲ, ಮೊದಲಿಗೆ ಬಣ್ಣದ ವೇಷ ಇರಬೇಕು. ಅಜ್ಜಿಯರನ್ನು ಜಗತ್ತಿನ ತುಂಬ ಮಾಡುತ್ತಾರೆ. ಚುಟ್ಟಿ ಇಟ್ಟ ಮುಖವನ್ನು ಇಲ್ಲಿ ಒಬ್ಬರೂ ನೋಡಿರುವುದಿಲ್ಲ. ಬೆರಳು ನಿಲ್ಲುತ್ತದೆ.

ನಾಲ್ಕುಮೂಲೆ · ಮಂಗಳವಾರ, ಬೆಳಿಗ್ಗೆ 9:22

ಬೆರಳು ನಿಲ್ಲುತ್ತದೆ, ಆದರೆ ಅವರಿಗೆ ಅದು ಸರಿಯೋ ತಪ್ಪೋ ಅಳೆಯಲು ಬರುವುದಿಲ್ಲ. ಮನುಷ್ಯರ ಮುಖ ಎಲ್ಲರೂ ಅಳೆಯಬಲ್ಲರು. ಹೋಗಲಿ, ಬೆಂಗಳೂರಿಗೆ ಕಳಿಸುವಾಗ ನನ್ನ ಮಾತು ಕೇಳಲಿ, ಕೆನಡಾಕ್ಕೆ ಕಳಿಸುವಾಗ ನಿಮ್ಮದು.

ಚೌಕಿಯಿಂದ · ಮಂಗಳವಾರ, ಮಧ್ಯಾಹ್ನ 1:30

ಬೆಳಕಿನ ಬಗ್ಗೆ ಒಂದು ಮಾತು. ಆ ನೀಲಿ, ಕಿತ್ತಳೆ ತೆಗೆದದ್ದು ಒಳ್ಳೆಯದಾಯಿತು. ಈ ಆಭರಣ, ಈ ಬಣ್ಣ ಎಲ್ಲಾ ಹುಟ್ಟಿದ್ದು ಕರೆಂಟು ಬರುವ ಮೊದಲು. ಆಗ ಎಣ್ಣೆಯ ದೀಪ, ದೊಂದಿ. ಆ ಬೆಳಕು ಅಲ್ಲಾಡುತ್ತಾ ಇರುತ್ತದೆ, ಕನ್ನಡಿ ಚೂರು ಮಿಣಕುತ್ತದೆ, ಚುಟ್ಟಿಯ ನೆರಳು ಮುಖದ ಮೇಲೆ ಓಡಾಡುತ್ತದೆ. ಸಾದಾ ಬೆಳಕಿನದು ಹೇಗೂ ಹಾಕುತ್ತೀರಿ, ಕೊನೆಗೊಂದು ಚಿತ್ರ ದೊಂದಿಯ ಬೆಳಕಿನಲ್ಲಿ ಹಾಕಿ ನೋಡಿ. ನನಗೂ ನೋಡುವ ಆಸೆ.

ಗಂಗೊಳ್ಳಿ_ಹುಡುಗ · ಮೂರು ವಾರದ ನಂತರ, ಭಾನುವಾರ, ರಾತ್ರಿ 9:10

ಎಲ್ಲಿ ಹೋದ ಅಂತ ಬೈದುಕೊಂಡಿರಬೇಕು. ಕೆಲಸ ಮಾಡುತ್ತಿದ್ದೆ.

ಅಭಿಮನ್ಯುವಿನ ತಲೆ ಹೊಸದಾಗಿ ಮಾಡಿದೆ, ಗೋಲದಿಂದ ಶುರು ಮಾಡಿ. ನಮ್ಮ ಪಕ್ಕದ ಮನೆಯ ಹುಡುಗನನ್ನು ಕಿಟಕಿ ಹತ್ತಿರ ಕೂರಿಸಿ ಫೋಟೊ ತೆಗೆದುಕೊಂಡೆ. ಅವನಿಗೆ ಎರಡು ಪಫ್ಸ್ ಖರ್ಚು. 11 ದಿನ ಹಿಡಿಯಿತು. ಬರೀ ಕ್ಲೇ ಹಾಕಿದ್ದೇನೆ, ಮುಂದಲೆ ಇಲ್ಲದೆ. ಕಿವಿ ಮೂರು ಸಲ ಅಳಿಸಿದೆ, ಈಗಲೂ ಸಮಾಧಾನ ಇಲ್ಲ.

ಅಜ್ಜಿಯ ಕೈ ಬುಟ್ಟಿಯ ಮುಂದಕ್ಕೆ ಬಂದಿವೆ. ಹೆಬ್ಬೆರಳಿನ ಬುಡ ಇನ್ನೂ ಉಬ್ಬಿದ ಹಾಗಿದೆ, ಗೊತ್ತು. ಮೊಣಕಾಲು ಪೂರ್ತಿ ಮಡಚುತ್ತದೆ, ವಿಡಿಯೊ ಇದೆ. ಬಣ್ಣದ ವೇಷಕ್ಕೆ ಕಸೆ ಸೀರೆ ಬಿಚ್ಚಿದ್ದೇನೆ, ಸದ್ಯಕ್ಕೆ ಸೊಂಟದ ಕೆಳಗೆ ಏನೂ ಇಲ್ಲ, ಕ್ಷಮಿಸಿ. ಕಲೀತಿರೋಳು ಅವರು ಬಿಡಿಸಿದ ಹುಡುಗಿ ಮುಂದಿನ ತಿಂಗಳು.

ಚೌಕಿ ಸರ್, ತೆಂಕಿನ ಉಡುಗೆ ಫೋಟೊದಲ್ಲಿ ಮುಂದಿನಿಂದ ಮಾತ್ರ ಸಿಗುತ್ತದೆ. ಹಿಂದೆ ಗಂಟು ಎಲ್ಲಿ ಬರುತ್ತದೆ, ದಾರ ಯಾವುದರ ಮೇಲೆ ಹೋಗುತ್ತದೆ, ಎಷ್ಟು ಹುಡುಕಿದರೂ ಸಿಗಲಿಲ್ಲ.

ಜೇಡಿಮಣ್ಣು · ಭಾನುವಾರ, ರಾತ್ರಿ 9:48

ಈ ಹುಡುಗ ಯಾರು ಅಂತ ನನಗೆ ಗೊತ್ತಿಲ್ಲ. ಆದರೆ ಯಾರೋ ಒಬ್ಬ ಇದ್ದಾನೆ. ಕಿವಿಯ ಮೇಲಿನ ಮಡಿಕೆ ಒಳಗೆ ತಿರುಗುವಲ್ಲಿ ಸ್ವಲ್ಪ ಚೂಪು ಮಾಡಿ.

ಚೌಕಿಯಿಂದ · ಭಾನುವಾರ, ರಾತ್ರಿ 10:05

ಮೇಳಗಳ ಆಟ ನಿಲ್ಲುವ ಪತ್ತನಾಜೆ ದಿನ ಕಳೆಯಿತು, ತಿರುಗಾಟ ಮುಗಿದು ಸಾಮಾನೆಲ್ಲ ಪೆಟ್ಟಿಗೆ ಸೇರಿದೆ. ಮಳೆಗಾಲದಲ್ಲಿ ಅದರ ದುರಸ್ತಿ ನಡೆಯುತ್ತದೆ. ನಮ್ಮ ಪರಿಚಯದ ಪ್ರಸಾಧನದವರ ಮನೆಯಲ್ಲಿ ಬರುವ ಶನಿವಾರ ಪೆಟ್ಟಿಗೆ ತೆರೆಯುತ್ತಾರೆ. ನಾನೇ ಉಟ್ಟು ನಿಲ್ಲುತ್ತೇನೆ, ಹಿಂದಿನಿಂದ ಎಷ್ಟು ಬೇಕಾದರೂ ಫೋಟೊ ತೆಗೆಯಿರಿ. ಅಳತೆಯ ಟೇಪು ತನ್ನಿ. ಪೌಡರ್ ತರಬೇಡಿ.